ಕೆಲಸಕ್ಕೆ ಒಳ್ಳೆಯ ಜನ ಹುಡುಕುವುದು ಹೇಗೆ? ಮಂಗಳೂರು, ಉಡುಪಿಯ ಮನೆಗಳಿಗೂ ಸಣ್ಣ ಅಂಗಡಿಗಳಿಗೂ

ಪಂಪು ಕೆಟ್ಟ ದಿನ ಮೆಕ್ಯಾನಿಕ್‌ನನ್ನು ಹುಡುಕಲು ಹೊರಟರೆ ಸಿಕ್ಕಿದವರೇ ಒಳ್ಳೆಯವರು, ಅವರು ಹೇಳಿದ್ದೇ ರೇಟು. ಟ್ಯಾಂಕಿಯಲ್ಲಿ ನೀರಿಲ್ಲ, ಮನೆಯಲ್ಲಿ ನೆಂಟರಿದ್ದಾರೆ, ಹೊರಗೆ ಜುಲೈ ತಿಂಗಳ ಮಳೆ ಬಿಡುವ ಲಕ್ಷಣವಿಲ್ಲ ಎಂಬ ಹೊತ್ತಿನಲ್ಲಿ ಮೂರು ಕಡೆ ರೇಟು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸಗಾರರನ್ನು ಅವರ ಅಗತ್ಯ ಬೀಳುವ ಮೊದಲೇ ಹುಡುಕಿಕೊಳ್ಳಿ. ಹುಡುಕಿದ ಮೇಲೆ ಸಣ್ಣ ಕೆಲಸವೊಂದನ್ನು ಕೊಟ್ಟು ನೋಡಿ. ಸೋರುವ ನಲ್ಲಿಯನ್ನು ನೆಟ್ಟಗೆ ಸರಿಮಾಡದವರು ಬಚ್ಚಲುಮನೆಯ ಇಡೀ ಪೈಪ್‌ಲೈನ್ ನೆಟ್ಟಗೆ ಮಾಡುತ್ತಾರೆಂದು ನಂಬಲು ಯಾವ ಕಾರಣವೂ ಇಲ್ಲ.

ಮೊದಲು ಕ್ಯಾಲೆಂಡರ್ ನೋಡಿ

ನಮ್ಮ ಕರಾವಳಿಯಲ್ಲಿ ಕೆಲಸಗಾರರಿಗೆ ಪುರುಸೊತ್ತು ಇರುವುದೂ ಇಲ್ಲದಿರುವುದೂ ಋತುವಿನ ಮೇಲೆ ನಿಂತಿದೆ. ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಮಾಡಿನ ಹಂಚು ಸರಿಮಾಡುವವರು, ಶೀಟು ಹಾಕುವವರು, ಬಾವಿಯ ಕೆಸರು ತೆಗೆಯುವವರು, ಮರದ ಗೆಲ್ಲು ಕಡಿಯುವವರು ಯಾರ ಕೈಗೂ ಸಿಗುವುದಿಲ್ಲ. ಮಳೆಗೆ ಮುಂಚೆ ಮುಗಿಯಬೇಕೆಂದು ಎಲ್ಲರೂ ಒಟ್ಟಿಗೇ ಕರೆಯುತ್ತಾರೆ, ಕೂಲಿ ಏರುತ್ತದೆ, ಕೆಲಸ ಅವಸರದ್ದಾಗುತ್ತದೆ. ಹಂಚಿನ ಕೆಲಸವನ್ನು ಜನವರಿ-ಫೆಬ್ರವರಿಯಲ್ಲೇ ಮಾಡಿಸುವುದು ಲೇಸು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಈ ಊರಿನ ಹಂಚು ದೇಶದಾಚೆಗೂ ಹೋಗಿದೆ. ಆದರೆ ಹಳೆಯ ಹಂಚನ್ನು ಒಡೆಯದಂತೆ ಮಾಡಿನ ಮೇಲೆ ನಡೆದು, ಗೆದ್ದಲು ಹಿಡಿದ ರೀಪು ಯಾವುದೆಂದು ತಟ್ಟಿ ಹೇಳಬಲ್ಲವರು ಈಗ ಕಡಿಮೆ. ನಿಮ್ಮ ಬೀದಿಯಲ್ಲಿ ಅಂಥ ಒಬ್ಬರಿದ್ದರೆ ಅವರ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ.

ಹೊರಗೋಡೆಯ ಪೇಂಟಿಂಗಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಗೋಡೆ ಚೆನ್ನಾಗಿ ಒಣಗಿರುತ್ತದೆ. ಮಳೆಗಾಲ ಮುಗಿದ ಕೂಡಲೇ ಹಚ್ಚಿಸಿದರೆ ಒಳಗಿನ ತೇವ ಬಣ್ಣವನ್ನು ತಳ್ಳಿ ಗುಳ್ಳೆ ಎಬ್ಬಿಸುತ್ತದೆ.

ಶಾಮಿಯಾನ, ಅಡುಗೆಯವರು, ಆಮಂತ್ರಣ ಪತ್ರಿಕೆಯ ಪ್ರೆಸ್, ಬಾಡಿಗೆ ವಾಹನ ಇವರ ಲೆಕ್ಕವೇ ಬೇರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಇಲ್ಲಿ ಮದುವೆ ಮುಂಜಿ ಕಡಿಮೆ. ಅವರ ಜೊತೆ ಕೂತು ಮಾತಾಡಲು, ಡಿಸೆಂಬರ್‌ನ ಕಾರ್ಯಕ್ರಮಕ್ಕೆ ರೇಟು ಕುದುರಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಉಡುಪಿಯವರು ಇನ್ನೊಂದನ್ನು ನೆನಪಿಡಬೇಕು. ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ಆಸುಪಾಸಿನ ದಿನಗಳಲ್ಲಿ ಲೈಟಿಂಗ್, ಸೌಂಡ್ಸ್, ಅಡುಗೆ, ಲಾಡ್ಜ್ ಎಲ್ಲವೂ ಮೊದಲೇ ಬುಕ್ ಆಗಿರುತ್ತದೆ. ಮಲ್ಪೆ, ಬಂದರು ಕಡೆ ವೆಲ್ಡಿಂಗ್ ಮತ್ತು ಎಂಜಿನ್ ಕೆಲಸದವರು ಬೇಕಿದ್ದರೆ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ಅವಧಿಯನ್ನು ತಪ್ಪಿಸಿ. ದಡಕ್ಕೆ ಬಂದ ಬೋಟುಗಳ ರಿಪೇರಿ ನಡೆಯುವುದು ಆಗಲೇ.

ಊರಿನ ನೇಮ, ಜಾತ್ರೆ, ಅಷ್ಟಮಿ, ನವರಾತ್ರಿಯ ಹುಲಿವೇಷ ಇರುವ ದಿನ ಬರಲಾಗುವುದಿಲ್ಲ ಎಂದು ಕೆಲಸಗಾರರು ಹೇಳಿದರೆ ಅದನ್ನು ನೆಪ ಎನ್ನಬೇಡಿ. ತಾರೀಕು ಗೊತ್ತುಮಾಡುವಾಗಲೇ "ಆ ವಾರ ನಿಮ್ಮೂರಲ್ಲಿ ಏನಾದ್ರೂ ಉಂಟಾ?" ಎಂದು ಕೇಳಿಬಿಡಿ.

ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

"ಒಳ್ಳೆ ಪ್ಲಂಬರ್ ಯಾರಾದ್ರೂ ಇದ್ದಾರಾ?" ಎಂದು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಭಾವನ ಗೆಳೆಯನದೋ ಎದುರುಮನೆಯವರದೋ ನಂಬರ್ ಸಿಕ್ಕೇ ಸಿಗುತ್ತದೆ. ಆ ನಂಬರಿಗಿಂತ ಅದರ ಹಿಂದಿನ ಅನುಭವ ಬೇಕಾದದ್ದು. ಅವರಿಂದ ಏನು ಕೆಲಸ ಮಾಡಿಸಿದಿರಿ, ಎಷ್ಟು ಸಮಯವಾಯಿತು, ಮತ್ತೊಮ್ಮೆ ಕರೆದಿರಾ, ಕೆಲಸ ಕೆಟ್ಟಾಗ ಫೋನ್ ಎತ್ತಿದರಾ ಎಂದು ಕೇಳಿ. ಕೊನೆಯ ಪ್ರಶ್ನೆಯ ಉತ್ತರಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಕೆಲಸದಲ್ಲಿ ಹೆಚ್ಚುಕಡಿಮೆ ಎಂಥವರಿಗೂ ಆಗುತ್ತದೆ, ಅದನ್ನು ಸರಿಮಾಡಲು ಹಿಂತಿರುಗಿ ಬರುವವರು ನಂಬಿಕಸ್ಥರು.

ಕೇಳಬೇಕಾದ ಜಾಗಗಳು ಕೆಲವಿವೆ. ಹಾರ್ಡ್‌ವೇರ್ ಅಥವಾ ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಕೂರುವವರಿಗೆ ಊರಿನ ಎಲ್ಲ ಕೆಲಸಗಾರರ ಪರಿಚಯ ಇರುತ್ತದೆ. ಯಾರು ಸಾಲ ತೀರಿಸುತ್ತಾರೆ, ಯಾರು ಉಳಿದ ಸಾಮಾನು ವಾಪಸ್ ತಂದು ಕೊಡುತ್ತಾರೆ, ಯಾರು ಯಾವಾಗಲೂ ಅಗ್ಗದ ವೈರನ್ನೇ ಕೇಳುತ್ತಾರೆ ಎಂಬುದು ಅವರಿಗೆ ಗೊತ್ತು. ಆದರೆ ಕೆಲವೆಡೆ ಕಮಿಷನ್ ವ್ಯವಹಾರವೂ ಇರುತ್ತದೆ. ಹಾಗಾಗಿ ಪ್ರಶ್ನೆ ಹೀಗಿರಲಿ:

"ಅಣ್ಣ, ನಿಮ್ಮ ಸ್ವಂತ ಮನೆಯ ವೈರಿಂಗ್ ಕೆಟ್ಟರೆ ಯಾರನ್ನು ಕರೀತೀರಿ?"

"ನಮ್ಮ ಮನೆಗಾ? ಒಬ್ರು ಉಂಟು. ಸ್ವಲ್ಪ ನಿಧಾನ, ನೀವು ಗಡಿಬಿಡಿ ಮಾಡ್ಬಾರ್ದು. ಆದ್ರೆ ಕೆಲಸ ಗಟ್ಟಿ."

ಇಂಥ ಉತ್ತರದಲ್ಲಿ ಒಂದು ಕೊರತೆಯ ಮಾತೂ ಸೇರಿರುತ್ತದೆ. ಬರೀ ಹೊಗಳಿಕೆಗಿಂತ ಇದನ್ನು ನಂಬಬಹುದು.

ದೇವಸ್ಥಾನ, ಇಗರ್ಜಿ, ಮಸೀದಿ, ಶಾಲೆಗಳ ಕಚೇರಿಯಲ್ಲೂ ವಿಚಾರಿಸಿ. ಸಭಾಭವನದ ಮೋಟಾರು, ಜನರೇಟರು, ನೀರಿನ ಟ್ಯಾಂಕಿ ನೋಡಿಕೊಳ್ಳುವವರು ಅವರಲ್ಲಿ ಹಲವು ವರ್ಷಗಳಿಂದ ಒಬ್ಬರೇ ಇರುತ್ತಾರೆ. ಕದ್ರಿ, ಬಿಜೈ, ಕಂಕನಾಡಿ, ಮಣಿಪಾಲದ ಕಡೆ ಫ್ಲ್ಯಾಟುಗಳಲ್ಲಿ ಇರುವವರಾದರೆ ಪಕ್ಕದ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರ ಬಳಿ ಲಿಫ್ಟ್, ಪಂಪು, ಪೆಸ್ಟ್ ಕಂಟ್ರೋಲ್ ಮಾಡುವವರ ಪಟ್ಟಿ ಇರುತ್ತದೆ.

ಹೊಸಬರನ್ನೂ ದೂರ ಇಡಬೇಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಯುವಕ ಯುವತಿಯರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ಐಟಿಐ, ಪಾಲಿಟೆಕ್ನಿಕ್‌ಗಳಿಂದ ಪ್ರತಿ ವರ್ಷ ಮಕ್ಕಳು ಹೊರಬರುತ್ತಾರೆ. ಹೆಸರು ಮಾಡಬೇಕೆಂಬ ಹಂಬಲ ಇರುವ ಇಂಥವರು ಸಣ್ಣ ಕೆಲಸಕ್ಕೂ ಬರುತ್ತಾರೆ, ರೇಟೂ ಹಿತವಾಗಿರುತ್ತದೆ. ಬಾಗಲಕೋಟೆ, ಕೊಪ್ಪಳದಿಂದಲೋ ಒಡಿಶಾ, ರಾಜಸ್ಥಾನದಿಂದಲೋ ಬಂದ ಕೆಲಸಗಾರರ ವಿಷಯದಲ್ಲೂ ಅಷ್ಟೇ. ಊರು ಯಾವುದೆಂದು ಕೇಳುವ ಬದಲು ಹಿಂದೆ ಮಾಡಿದ ಒಂದು ಕೆಲಸ ತೋರಿಸಲು ಕೇಳಿ.

ಫೋನಿನಲ್ಲಿ ಹುಡುಕುವಾಗ

ಫ್ರಿಜ್, ವಾಷಿಂಗ್ ಮೆಷಿನ್, ನೀರು ಶುದ್ಧ ಮಾಡುವ ಯಂತ್ರ ಕೆಟ್ಟರೆ ಕಂಪನಿಯ ಹೆಸರಿನ ಜೊತೆ ಕಸ್ಟಮರ್ ಕೇರ್ ಎಂದು ಗೂಗಲ್‌ನಲ್ಲಿ ಹುಡುಕುವುದು ಅಪಾಯ. ಮೇಲೆ ಕಾಣುವ ನಂಬರ್ ಮೋಸಗಾರರದ್ದೂ ಆಗಿರಬಹುದು. ವಾರಂಟಿ ಕಾರ್ಡ್, ಬಿಲ್ಲು ಅಥವಾ ಯಂತ್ರದ ಮೇಲಿನ ಸ್ಟಿಕ್ಕರಿನಲ್ಲಿರುವ ನಂಬರಿಗೇ ಮಾಡಿ. ಹತ್ತು ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಎಂದು ಲಿಂಕ್ ಕಳಿಸಿದರೆ, ಏನೋ ಆ್ಯಪ್ ಇನ್‌ಸ್ಟಾಲ್ ಮಾಡಿ ಎಂದರೆ, ಹಣ ವಾಪಸ್ ಬರಲು ಯುಪಿಐ ಪಿನ್ ಒತ್ತಿ ಎಂದರೆ ಕೂಡಲೇ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಅಂಗಡಿಯ ಬಗ್ಗೆ ಗ್ರಾಹಕರು ಆನ್‌ಲೈನ್‌ನಲ್ಲಿ ಬರೆದದ್ದನ್ನು ನೋಡುವಾಗ ನಕ್ಷತ್ರಗಳ ಲೆಕ್ಕಕ್ಕಿಂತ ದೂರು ಬರೆದವರ ಸಾಲುಗಳನ್ನು, ಅದಕ್ಕೆ ಅಂಗಡಿಯವರು ಕೊಟ್ಟ ಉತ್ತರವನ್ನು ಓದಿ.

ಎಸ್ಟಿಮೇಟಿನಲ್ಲಿ ಏನು ನೋಡಬೇಕು

ಮೂರು ಜನರಿಂದ ರೇಟು ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೂವರೂ ಒಂದೇ ಕೆಲಸಕ್ಕೆ ರೇಟು ಹೇಳಿದ್ದಾರಾ ಎಂದು ನೋಡುವವರು ಕಡಿಮೆ. ಪೇಂಟಿಂಗನ್ನೇ ತೆಗೆದುಕೊಳ್ಳಿ. ಚದರಡಿಗೆ ಕಡಿಮೆ ಹೇಳಿದವರು ಒಂದೇ ಕೋಟ್‌ಗೆ ಹೇಳಿರಬಹುದು, ಹೆಚ್ಚು ಹೇಳಿದವರ ಲೆಕ್ಕದಲ್ಲಿ ಹಳೆಯ ಪಾಚಿ ಉಜ್ಜಿ ತೆಗೆಯುವುದು, ಪ್ರೈಮರ್, ಎರಡು ಕೋಟ್ ಎಲ್ಲವೂ ಸೇರಿರಬಹುದು. ಬಾಗಿಲು ಕಿಟಕಿಯ ಜಾಗವನ್ನು ಅಳತೆಯಲ್ಲಿ ಕಳೆಯುತ್ತಾರೋ ಇಲ್ಲವೋ ಎಂಬುದೇ ಕೊನೆಗೆ ಜಗಳಕ್ಕೆ ದಾರಿ. ಬಣ್ಣ ಯಾರು ತರುವುದು, ಯಾವ ಕಂಪನಿಯ ಯಾವ ದರ್ಜೆಯದು, ಸಾರುವೆ ಯಾರದು ಎಂಬುದನ್ನೆಲ್ಲ ನೀವೇ ಒಂದು ಹಾಳೆಯಲ್ಲಿ ಬರೆದು ಆ ಹಾಳೆಯನ್ನು ಮೂವರಿಗೂ ತೋರಿಸಿ. ಮಜೂರಿ ಬೇರೆ, ಸಾಮಾನು ಬೇರೆ ಎಂದು ಬರೆಸಿಕೊಳ್ಳಿ. ಆಗ ಮಾತ್ರ ಹೋಲಿಸಲು ಬರುತ್ತದೆ.

ವೈರಿಂಗಿನಲ್ಲಿ ಪಾಯಿಂಟ್ ಲೆಕ್ಕ ನಡೆಯುತ್ತದೆ, ಅಂದರೆ ಲೈಟು, ಫ್ಯಾನು, ಪ್ಲಗ್ಗು ಒಂದೊಂದನ್ನೂ ಎಣಿಸಿ ರೇಟು ಹಾಕುತ್ತಾರೆ. ಸ್ವಿಚ್ ಬೋರ್ಡಿನಲ್ಲೇ ಇರುವ ಪ್ಲಗ್ಗನ್ನು ಪೂರ್ತಿ ಪಾಯಿಂಟ್ ಎಂದು ಎಣಿಸುತ್ತೀರಾ ಎಂದು ಮೊದಲೇ ಕೇಳಿ. ಹೊಸ ಸಂಪರ್ಕಕ್ಕೆ ಮೆಸ್ಕಾಂಗೆ ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಬೇಕು, ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಸಣ್ಣ ರಿಪೇರಿಗೆ ಅಷ್ಟು ಬೇಡ. ಆದರೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಹಾಕುವುದು ಬೇಡ, ದುಡ್ಡು ದಂಡ ಎನ್ನುವ ಎಲೆಕ್ಟ್ರಿಷಿಯನ್ ನನ್ನ ಪಟ್ಟಿಯಲ್ಲಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಒದ್ದೆಯಾಗುವ ಊರು ನಮ್ಮದು. ವಿದ್ಯುತ್ ಸೋರಿದಾಗ ಜೀವ ಉಳಿಸುವುದು ಅದೇ. ಅರ್ಥಿಂಗ್ ವಿಷಯವನ್ನೂ ಕೇಳಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಗೊತ್ತಿರುವವರು ಅರ್ಥಿಂಗ್ ಹೊಂಡಕ್ಕೆ ನೀರು ಹಾಕಲು ಅವರಾಗಿಯೇ ಹೇಳುತ್ತಾರೆ.

ಎಸಿ ಇರುವವರಿಗೆ ಒಂದು ಮಾತು. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ, ಅದು ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ವರ್ಷ ವರ್ಷವೂ ಗ್ಯಾಸ್ ತುಂಬಿಸಿ ಹಣ ತೆಗೆದುಕೊಳ್ಳುವವರನ್ನು ಬಿಟ್ಟುಬಿಡಿ. ಸುರತ್ಕಲ್, ಉಳ್ಳಾಲ, ಮಲ್ಪೆ, ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪಿನ ಗಾಳಿಗೆ ಹೊರಗಿನ ಯೂನಿಟ್ ಬೇಗ ತುಕ್ಕು ಹಿಡಿಯುವುದರಿಂದ ಸೋರಿಕೆಯನ್ನು ಮೊದಲು ಅಲ್ಲಿ ಹುಡುಕಲು ಹೇಳಿ.

ಪಂಪಿನ ಕಾಯಿಲ್ ಸುಟ್ಟು ರಿವೈಂಡಿಂಗ್ ಮಾಡಿಸುವಾಗ, ಅಂದರೆ ಹೊಸ ತಂತಿ ಸುತ್ತಿಸುವಾಗ, ತಾಮ್ರವೋ ಅಲ್ಯೂಮಿನಿಯಮ್ಮೋ ಎಂದು ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿ. ತೆಗೆದ ಹಳೆಯ ತಾಮ್ರಕ್ಕೂ ಗುಜರಿಯಲ್ಲಿ ಬೆಲೆಯಿದೆ. ಅದನ್ನು ನಿಮಗೆ ಕೊಡುತ್ತಾರೋ ಮಜೂರಿಯಲ್ಲಿ ಕಳೆಯುತ್ತಾರೋ ಎಂದು ಮೊದಲೇ ಮಾತಾಡಿಕೊಳ್ಳಿ. ಯಾವ ರಿಪೇರಿಯಾದರೂ ಬದಲಾಯಿಸಿದ ಹಳೆಯ ಪಾರ್ಟನ್ನು ಕೊಟ್ಟು ಹೋಗಲು ಹೇಳಿ. ಪ್ರಾಮಾಣಿಕರಿಗೆ ಇದರಿಂದ ಬೇಸರವಾಗುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬೇಡ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ನಿಮ್ಮ ಬಡಗಿಗೆ ಜಿಎಸ್‌ಟಿ ಇಲ್ಲ ಎಂಬುದು ಮೋಸದ ಗುರುತಲ್ಲ. ನೋಂದಣಿ ಇಲ್ಲದೆಯೇ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ಹಣ ಪಡೆಯುವುದು ಮೋಸ. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ ಮತ್ತು ಅಂಕೆಗಳು. ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ಉಚಿತವಾಗಿ ಕಾಣುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ ಇದು) ವ್ಯಾಪಾರಿ ಗ್ರಾಹಕರಿಂದ ತೆರಿಗೆ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ಹಣ ಕೊಡುವ ಕ್ರಮ

ಒಂದು ದಿನದ ಕೆಲಸಕ್ಕೆ ಅಡ್ವಾನ್ಸ್ ಬೇಕಾಗುವುದಿಲ್ಲ. ದೊಡ್ಡ ಕೆಲಸವಾದರೆ ಸಾಮಾನನ್ನು ನೀವೇ ಅಂಗಡಿಯಿಂದ ತರಿಸಿ, ಮಜೂರಿಯನ್ನು ಕೆಲಸ ಮುಂದುವರಿದಂತೆ ಕಂತಿನಲ್ಲಿ ಕೊಡಿ. ಮಾಡು ಸೋರುವುದಕ್ಕೆ ಮಾಡಿಸಿದ ಕೆಲಸವಾದರೆ ಹತ್ತರಲ್ಲಿ ಒಂದು ಪಾಲನ್ನು ಮೊದಲ ದೊಡ್ಡ ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಆದರೆ ಈ ಮಾತು ಕೆಲಸ ಶುರುವಾಗುವ ಮೊದಲೇ ಆಗಿರಬೇಕು. ಎಲ್ಲ ಮುಗಿದ ಮೇಲೆ ಹೇಳಿದರೆ ಅದು ಅನ್ಯಾಯ. ಒಪ್ಪಿಕೊಂಡದ್ದನ್ನು ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿ, "ಸರಿ" ಎಂಬ ಉತ್ತರ ಬರಲಿ. ಸಣ್ಣ ಕೆಲಸಕ್ಕೆ ಇಷ್ಟು ಕರಾರು ಸಾಕು.

ದಿನಗೂಲಿಯವರಿಗೆ ಅದೇ ಸಂಜೆ ಹಣ ಕೊಡಿ. ಮಧ್ಯಾಹ್ನ ಚಾ ಕೊಡಿ, ಕೈಕಾಲು ತೊಳೆಯಲು ಜಾಗ ತೋರಿಸಿ. ಒಪ್ಪಿದ ರೇಟಿನಲ್ಲಿ ಕೊನೆಗೆ ನೂರಿನ್ನೂರು ಹಿಡಿಯುವ ಮನೆಗಳು ಯಾವುವೆಂದು ಕೆಲಸಗಾರರ ನಡುವೆಯೂ ಗೊತ್ತಿರುತ್ತದೆ. ಭಾನುವಾರ ರಾತ್ರಿ ಫ್ಯೂಸ್ ಹೋದಾಗ ಅಂಥ ಮನೆಯವರ ಫೋನ್ ಯಾರೂ ಎತ್ತುವುದಿಲ್ಲ.

ಅಗ್ಗ ಎಂದು ಮಾಡಿಸಬಾರದ ಕೆಲಸಗಳು

ಕೆಲವು ಕಡೆ ಕಡಿಮೆ ರೇಟಿನ ಹಿಂದೆ ಮನುಷ್ಯನ ಜೀವ ಅಡವಿಗಿರುತ್ತದೆ. ಶೌಚಗುಂಡಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಇಳಿಸಿದವರಿಗೆ ಜೈಲು ಶಿಕ್ಷೆಯೂ ಇದೆ. ಪಾಲಿಕೆ, ನಗರಸಭೆ ಅಥವಾ ಪಂಚಾಯತಿಯಲ್ಲಿ ವಿಚಾರಿಸಿ ಸಕ್ಕಿಂಗ್ ಯಂತ್ರದ ಗಾಡಿಯನ್ನೇ ತರಿಸಿ. ಬಾವಿ ಕೆಲಸದಲ್ಲೂ ಇದೇ ಎಚ್ಚರ ಬೇಕು. ಡೀಸೆಲ್, ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಅದರ ಹೊಗೆಯ ವಿಷಾನಿಲ ತಳದಲ್ಲಿ ತುಂಬಿ ಇಳಿದವರು ಅಲ್ಲೇ ಕುಸಿಯುತ್ತಾರೆ. ಮೇಲೆ ಹಗ್ಗ ಹಿಡಿದು ನಿಲ್ಲುವವರಿಲ್ಲದೆ ಒಬ್ಬರೇ ಇಳಿಯುತ್ತೇನೆ ಎಂದರೆ ಒಪ್ಪಬೇಡಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮೆ ಇದೆ. ನಿಮ್ಮ ಮರ ಹತ್ತುವವರಿಗೆ ಗೊತ್ತಿಲ್ಲದಿದ್ದರೆ ತಿಳಿಸಿ, ಮಾಡಿಸಲು ನೆರವಾಗಿ.

ಅಡುಗೆ ಗ್ಯಾಸ್ ಸೋರಿದರೆ ಪರಿಚಯದ ಮೆಕ್ಯಾನಿಕ್ ಬರಲೆಂದು ಕಾಯಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆಮಾಡಿ. ತುಂಡಾದ ವಿದ್ಯುತ್ ತಂತಿ ಕಂಡರೆ ಮೆಸ್ಕಾಂನ 1912.

ಸಣ್ಣ ವ್ಯಾಪಾರ ನಡೆಸುವವರಿಗೆ

ಮನೆಯಲ್ಲಿ ಹಪ್ಪಳ, ಸಾರಿನ ಪುಡಿ ಮಾಡಿ ಮಾರುವವರು, ಬೇಕರಿ, ಟೈಲರ್ ಅಂಗಡಿ, ಹೋಮ್‌ಸ್ಟೇ ಇಟ್ಟವರು ಹೆಚ್ಚು ನಷ್ಟಪಡುವುದು ರೇಟಿನಲ್ಲಿ ಅಲ್ಲವೇ ಅಲ್ಲ. ತಮ್ಮ ವ್ಯಾಪಾರದ ಕೀಲಿಗಳನ್ನು ಬೇರೆಯವರ ಕೈಗೆ ಕೊಟ್ಟು ಕೂರುವುದರಿಂದ ಅವರಿಗೆ ನಷ್ಟ. ಜಿಎಸ್‌ಟಿ ನೋಂದಣಿ ಮಾಡಿಸುವಾಗ ಅಕೌಂಟೆಂಟ್ ಅನುಕೂಲಕ್ಕೆಂದು ತನ್ನದೇ ಮೊಬೈಲ್ ನಂಬರ್, ತನ್ನದೇ ಇಮೇಲ್ ಹಾಕಿಬಿಡುತ್ತಾರೆ. ಮುಂದೆ ಅವರನ್ನು ಬಿಡಬೇಕಾದಾಗ ನಿಮ್ಮ ಖಾತೆಗೆ ನಿಮಗೇ ಪ್ರವೇಶವಿಲ್ಲ. ಇಲಾಖೆಯ ನೋಟಿಸು ಬಂದರೂ ನಿಮಗೆ ತಿಳಿಯುವುದಿಲ್ಲ. ಒಟಿಪಿ ನಿಮ್ಮ ಫೋನಿಗೇ ಬರಲಿ, ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲೂ ಬರೆದಿರಲಿ. ವೆಬ್‌ಸೈಟ್ ಮಾಡಿಸಿದರೆ ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲೇ ಇರಬೇಕು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೂ ಅದರ ಮಾಲಿಕತ್ವ ನಿಮ್ಮ ಇಮೇಲಿನಲ್ಲಿ ಇರಬೇಕು. ಇನ್‌ಸ್ಟಾಗ್ರಾಮ್ ಪುಟಕ್ಕೂ ಇದೇ ಮಾತು.

ಉಚಿತವಾಗಿ ಆಗುವುದಕ್ಕೆ ಹಣ ಕೊಡಬೇಡಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಬಹುದು. ಜಿಎಸ್‌ಟಿ ನೋಂದಣಿಗೂ ಸರ್ಕಾರಿ ಶುಲ್ಕವಿಲ್ಲ. ಯಾರಾದರೂ ತುಂಬಿಸಿ ಕೊಟ್ಟರೆ ಅವರ ಶ್ರಮಕ್ಕೆ ಹಣ ಕೊಡುವುದು ನ್ಯಾಯವೇ, ಆದರೆ ಅದನ್ನು ಸರ್ಕಾರದ ಫೀಸ್ ಎಂದು ಹೇಳಿ ಪಡೆಯುವವರ ಬಳಿ ಎರಡನೇ ಸಲ ಹೋಗಬೇಡಿ. ಬ್ಯಾಂಕ್ ಸಾಲಕ್ಕೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕಾದಾಗ ಅದರ ಮೇಲೆ ಯುಡಿಐಎನ್, ಅಂದರೆ ಪ್ರತಿ ಪ್ರಮಾಣಪತ್ರಕ್ಕೂ ಬೇರೆ ಬೇರೆಯಾಗಿರುವ ಗುರುತಿನ ಸಂಖ್ಯೆ, ಇದೆಯೇ ನೋಡಿ. ಅದು ಅಸಲಿಯೋ ಎಂದು ಆನ್‌ಲೈನ್‌ನಲ್ಲಿ ಪರೀಕ್ಷಿಸಬಹುದು.

ಪ್ರಿಂಟಿಂಗ್ ಪ್ರೆಸ್ಸಿಗೆ ಪ್ಯಾಕೆಟ್ ಕವರ್ ಕೊಡುವ ಮೊದಲು ಒಂದೇ ಒಂದು ಪ್ರತಿ ಕಾಗದದ ಮೇಲೆ ತೆಗೆಸಿ ಮನೆಯ ಇಬ್ಬರು ಓದಲಿ. ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, 14 ಅಂಕೆಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ದೂರಿಗೆ ಫೋನ್ ನಂಬರ್ ಎಲ್ಲವೂ ಇದೆಯೇ ನೋಡಿ. ಐದು ಸಾವಿರ ಕವರ್ ಅಚ್ಚಾದ ಮೇಲೆ ತಪ್ಪು ಕಂಡರೆ ಅಗ್ಗದ ಪ್ರೆಸ್ಸೂ ದುಬಾರಿಯೇ. ಡಿಸೈನಿನ ಮೂಲ ಫೈಲನ್ನು ಕೇಳಿ ಪಡೆದುಕೊಳ್ಳಿ, ನಾಳೆ ಬೇರೆ ಪ್ರೆಸ್ಸಿಗೆ ಹೋಗಬೇಕಾಗಬಹುದು. ನಾಮಫಲಕ ಬರೆಸುವಾಗ ಶೇ 60ರಷ್ಟು ಜಾಗದಲ್ಲಿ ಕನ್ನಡ ಇರಬೇಕೆಂಬ ನಿಯಮ ಬೋರ್ಡಿನವರಿಗೆ ಗೊತ್ತಿದೆಯೇ ಎಂದು ಮೊದಲೇ ಕೇಳಿ.

ಒಂದೇ ಪ್ರೆಸ್, ಒಂದೇ ಸಾಗಾಟದವರು, ಒಂದೇ ಹಿಟ್ಟಿನ ಗಿರಣಿಯನ್ನು ನಂಬಿ ಕೂರಬೇಡಿ. ಎರಡನೆಯವರಿಗೂ ವರ್ಷದಲ್ಲಿ ಒಂದಷ್ಟು ಕೆಲಸ ಕೊಡುತ್ತಾ ಪರಿಚಯ ಉಳಿಸಿಕೊಳ್ಳಿ.

ಕೆಲಸ ಕೆಟ್ಟರೆ

ಮೊದಲು ಫೋನ್ ಮಾಡಿ, ಸಮಾಧಾನದಿಂದ ಹೇಳಿ. ಬಹಳಷ್ಟು ಅಲ್ಲಿಗೇ ಸರಿಹೋಗುತ್ತದೆ. ಆಗದಿದ್ದರೆ ಫೋಟೋ ಸಮೇತ ಬರವಣಿಗೆಯಲ್ಲಿ ತಿಳಿಸಿ, ಸರಿಮಾಡಲು ಒಂದು ತಾರೀಕು ಕೊಡಿ. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕನ್ನಡದಲ್ಲೂ ಮಾತಾಡಬಹುದು.

ಆಮೇಲಿನ ದಾರಿ ಜಿಲ್ಲಾ ಗ್ರಾಹಕ ಆಯೋಗ. ದಕ್ಷಿಣ ಕನ್ನಡಕ್ಕೂ ಉಡುಪಿಗೂ ಬೇರೆ ಬೇರೆ ಆಯೋಗಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಅಲ್ಲಿಗೆ ಓಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೊಡ್ಡ ವ್ಯಾಪಾರಕ್ಕಾಗಿ ಪಡೆದ ಸೇವೆ ಈ ಕಾಯ್ದೆಯೊಳಗೆ ಬರುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ನಡೆಸುವ ಅಂಗಡಿಗೆ ಪಡೆದ ಸೇವೆಯಾದರೆ ಅಂಗಡಿಯವರೂ ಗ್ರಾಹಕರೇ. ಟೈಲರಿಂಗ್ ನಡೆಸುವ ಅಕ್ಕನ ಹೊಲಿಗೆ ಯಂತ್ರವನ್ನು ರಿಪೇರಿಯವರು ಕೆಡಿಸಿದರೆ ಅವರು ಅಲ್ಲಿಗೆ ಹೋಗಬಹುದು.

ದೂರಿನ ಜೊತೆ ಎಸ್ಟಿಮೇಟ್ ಹಾಳೆ, ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್, ಯುಪಿಐ ಪಾವತಿಯ ವಿವರ, ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಫೋಟೋ ಇವುಗಳ ಪ್ರತಿ ಲಗತ್ತಿಸಿ. ಮೂಲ ಕಾಗದ ಯಾರಿಗೂ ಕೊಡದೆ ನಿಮ್ಮಲ್ಲೇ ಇಟ್ಟುಕೊಳ್ಳಿ.